ಮೋಡದ ಬಿಸುಪು

ಮೋಡವನ್ನು ಕಂಡು ಮನಸ್ಸು ಅರಳದವರು ನಮ್ಮ ನಾಡಿನಲ್ಲಿ ವಿರಳ. ರೈತನು ಅದರಲ್ಲಿ ಮಳೆಯನ್ನು ಕಾಣುತ್ತಾನೆ. ಕವಿಯು ಆನೆಯನ್ನೂ ಬೆಟ್ಟವನ್ನೂ ಕಾಣುತ್ತಾನೆ. ಅಂಗಳದಲ್ಲಿ ಹಪ್ಪಳ ಹರವಿದ ಗೃಹಿಣಿಯು ತೊಂದರೆಯನ್ನು ಕಾಣುತ್ತಾಳೆ. ಆದರೆ ಮೋಡವು ಬೆಂಕಿಯಿಲ್ಲದ ಒಲೆಯಂತೆ ಹಗಲಿರುಳೂ ನಮ್ಮ ನೆತ್ತಿಯ ಮೇಲೆ ಶಾಖವನ್ನು ಸೂಸುತ್ತಿರುತ್ತದೆ ಎಂಬುದನ್ನು ನೆನೆಯುವವರು ಎಷ್ಟು ಮಂದಿ? ಕಣ್ಣಿಗೆ ಕಾಣದ ಆ ಬಿಸುಪನ್ನು ಅಳೆಯುವುದಕ್ಕಾಗಿಯೆ ಕಡಲ ನಡುವಿನ ದ್ವೀಪಗಳಲ್ಲಿ ಉಪಕರಣಗಳನ್ನು ನೆಟ್ಟು ತಿಂಗಳುಗಟ್ಟಲೆ ಆಕಾಶವನ್ನು ಕಾದವರಿದ್ದಾರೆ. ಅವರ ಕೆಲಸವನ್ನು ಕುರಿತು ಓದಿದಾಗಲೆಲ್ಲ ನನಗೆ ನಮ್ಮ ಕರಾವಳಿಯ ಇರುಳುಗಳು ನೆನಪಾಗುತ್ತವೆ.

ನಾನು ಹುಟ್ಟಿ ಬೆಳೆದುದು ಉಡುಪಿಯ ಪಡುವಣಕ್ಕಿರುವ, ಕಡಲ ತಡಿಯ ಒಂದು ಹಳ್ಳಿಯಲ್ಲಿ. ನಮ್ಮ ಮನೆಯಲ್ಲಿ ಯಾರು ಎಲ್ಲಿ ಮಲಗಬೇಕೆಂಬುದನ್ನು ನಿರ್ಧರಿಸುತ್ತಿದ್ದವರು ಅಜ್ಜಿ. ಸಂಜೆ ದೀಪ ಹಚ್ಚಿದ ಮೇಲೆ ಅವರು ಒಮ್ಮೆ ಅಂಗಳಕ್ಕೆ ಬಂದು ತಲೆಯೆತ್ತಿ ನೋಡುವರು. "ಮೋಡ ಕಟ್ಟಿ ಉಂಟು, ಒಳಗೆ ಸೆಕೆ. ಮಕ್ಕಳು ಜಗಲಿಯಲ್ಲೇ ಮಲಗಲಿ" ಎನ್ನುವರು. ಮಾರ್ಗಶಿರ ಪುಷ್ಯಗಳಲ್ಲಿ ನಕ್ಷತ್ರಗಳು ಸ್ಪಷ್ಟವಾಗಿ ಮಿನುಗುತ್ತಿದ್ದರೆ, "ಬೆಳಗಿನ ಜಾವ ಚಳಿ ಬೀಳುತ್ತದೆ, ಕಂಬಳಿ ಹತ್ತಿರ ಇಟ್ಟುಕೊಳ್ಳಿ" ಎಂದು ಎಚ್ಚರಿಸುವರು. ಅವರ ಮಾತು ಸುಳ್ಳಾದುದನ್ನು ನಾನು ಕಂಡುದು ಅಪರೂಪ. ಸೆಕೆಗೆ ಗಾಳಿಯ ತೇವವೂ ಕಾರಣವೇ. ಆದರೂ ಮೋಡವಿದ್ದ ರಾತ್ರಿ ನೆಲ ತಣಿಯುವುದಿಲ್ಲ, ಮೋಡವಿಲ್ಲದ ರಾತ್ರಿ ಬೇಗ ತಣಿಯುತ್ತದೆ ಎಂಬ ಪ್ರಕೃತಿನಿಯಮವನ್ನು ಅಜ್ಜಿ ತಮ್ಮ ಅನುಭವದಿಂದಲೇ ಬಲ್ಲವರಾಗಿದ್ದರು. ಅದರ ಕಾರಣವನ್ನು ನಾನು ತಿಳಿದುದು ಬಹುಕಾಲದ ಅನಂತರ, ವಿಜ್ಞಾನದ ಅಧ್ಯಾಪಕನಾದ ಮೇಲೆ.

ಜಗತ್ತಿನ ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕಂತೆ ಕಿರಣಗಳನ್ನು ಹೊರಸೂಸುತ್ತದೆ. ಸೂರ್ಯನಂತೆ ಸುಡುವ ವಸ್ತುವಾದರೆ ಆ ಕಿರಣಗಳಲ್ಲಿ ದೊಡ್ಡದೊಂದು ಭಾಗ ಕಣ್ಣಿಗೆ ಬೆಳಕಾಗಿ ಕಾಣುತ್ತದೆ. ಗೋಡೆ, ನೆಲ, ಮರ, ಮನುಷ್ಯನ ಮೈ ಮುಂತಾದುವುಗಳ ಕಿರಣಗಳೋ ಕೆಂಪು ಬಣ್ಣದಾಚೆಗೆ ಅಡಗಿಕೊಂಡಿರುತ್ತವೆ. ಇವೇ ಅವಕೆಂಪು ಕಿರಣಗಳು. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಶಾಸ್ತ್ರಜ್ಞನು ಪಟ್ಟಕದ ಮೂಲಕ ಬಿಸಿಲನ್ನು ಹಾಯಿಸಿ, ಬಣ್ಣಗಳ ಪಟ್ಟಿಯ ಒಂದೊಂದು ಭಾಗದಲ್ಲಿಯೂ ಉಷ್ಣತಾಮಾಪಕವನ್ನು ಇಟ್ಟು ನೋಡಿದನು. ಕೆಂಪಿನಿಂದ ಆಚೆಗೆ, ಯಾವ ಬೆಳಕೂ ಬೀಳದ ಕಡೆಯಲ್ಲಿ, ಪಾದರಸ ಎಲ್ಲಕ್ಕಿಂತ ಹೆಚ್ಚು ಏರಿತು. ಕತ್ತಲೆಯೆಂದು ನಾವು ಕರೆಯುವ ಎಡೆಯಲ್ಲಿಯೂ ಕಿರಣಗಳಿವೆಯೆಂದು ಮನುಷ್ಯನಿಗೆ ಗೊತ್ತಾದುದು ಹೀಗೆ. 1879ರಲ್ಲಿ ಸ್ಟೆಫಾನ್ ಎಂಬ ವಿಜ್ಞಾನಿಯು ಇದಕ್ಕೊಂದು ಲೆಕ್ಕವನ್ನು ಕೊಟ್ಟನು: ವಸ್ತುವು ಸೂಸುವ ಶಕ್ತಿಯು ಅದರ ಕೆಲ್ವಿನ್ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ.

ನೆಲವು ರಾತ್ರಿಯೆಲ್ಲ ತನ್ನ ಶಾಖವನ್ನು ಮೇಲಕ್ಕೆ ಸೂಸುತ್ತಲೇ ಇರುತ್ತದೆ. ಗಾಳಿಯಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಅದರಲ್ಲಿ ಬಹಳಷ್ಟನ್ನು ಹೀರಿ, ಒಂದು ಪಾಲನ್ನು ಮತ್ತೆ ಕೆಳಗೆ ಕಳುಹಿಸುತ್ತವೆ. ಆದರೆ ಸುಮಾರು 8ರಿಂದ 12 ಮೈಕ್ರೋಮೀಟರ್ ತರಂಗಾಂತರದ ಕಿರಣಗಳನ್ನು ಅವು ಅಷ್ಟಾಗಿ ತಡೆಯಲಾರವು. ವಿಜ್ಞಾನಿಗಳು ಇದನ್ನು ವಾಯುಮಂಡಲದ ಕಿಟಕಿ ಎಂದು ಕರೆದಿದ್ದಾರೆ. ತಿಳಿಯಾದ ಇರುಳಿನಲ್ಲಿ ಈ ಕಿಟಕಿ ತೆರೆದಿರುತ್ತದೆ. ನೆಲದ ಬಿಸುಪು ಅದರ ಮೂಲಕ ನೇರವಾಗಿ ಆಕಾಶವನ್ನು ಸೇರುತ್ತದೆ. ಮೋಡ ಬಂದಿತೆಂದರೆ ಕಿಟಕಿಗೆ ಬಾಗಿಲು ಹಾಕಿದಂತೆ. ಮೋಡದ ಹನಿಗಳು ಆ ಕಿರಣಗಳನ್ನು ಪೂರ್ತಿಯಾಗಿ ಹೀರಿ, ತಮ್ಮ ಉಷ್ಣತೆಗೆ ತಕ್ಕಷ್ಟನ್ನು ಕೆಳಕ್ಕೆ ಮರಳಿಸುತ್ತವೆ. ಕಣ್ಣಿಗೆ ಹಾಲಿನಂತೆ ಬೆಳ್ಳಗಿರುವ ಮೋಡವು ಅವಕೆಂಪು ಕಿರಣಗಳ ಪಾಲಿಗೆ ಕಾಡಿಗೆಯಂತೆ ಕಪ್ಪು! ಅಜ್ಜಿಯ ಜಗಲಿಯ ಲೆಕ್ಕಕ್ಕೆ ಆಧಾರ ಇದೇ.

2021ರಲ್ಲಿ, ಕೊರೊನಾ ಕಾಯಿಲೆಯ ಹಾವಳಿಯ ನಡುವೆ ಶಾಲೆಗಳು ಮತ್ತೆ ತೆರೆದಾಗ, ಪ್ರತಿ ಶಾಲೆಯ ಬಾಗಿಲಲ್ಲಿಯೂ ಪಿಸ್ತೂಲಿನಂತಹ ಒಂದು ಸಾಧನವನ್ನು ಹಿಡಿದು ಮಕ್ಕಳ ಹಣೆಯ ಬಿಸಿಯನ್ನು ನೋಡುತ್ತಿದ್ದುದು ಎಲ್ಲರಿಗೂ ನೆನಪಿರಬಹುದು. ಅದು ಅವಕೆಂಪು ಕಿರಣಗಳನ್ನು ಅಳೆಯುವ ಉಷ್ಣತಾಮಾಪಕವೇ. ಹಾವಳಿ ತಗ್ಗಿದ ಮೇಲೆ ನಮ್ಮ ಶಾಲೆಯಲ್ಲಿ ಅದು ಕಪಾಟನ್ನು ಸೇರಿತು. "ಸರ್, ಇದನ್ನು ಆಕಾಶಕ್ಕೆ ಹಿಡಿದರೆ ಏನು ತೋರಿಸುತ್ತದೆ?" ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಹಿಡಿದು ನೋಡಿದೆವು. ಮನುಷ್ಯರ ಜ್ವರವನ್ನು ನೋಡಲೆಂದು ಮಾಡಿದ ಸಾಧನವಾದುದರಿಂದ ಅದು ಯಾವ ಸಂಖ್ಯೆಯನ್ನೂ ತೋರಿಸಲಿಲ್ಲ. ಆದರೆ ಪ್ರಶ್ನೆ ಮಾತ್ರ ಉಳಿಯಿತು.

ನಮ್ಮ ಬಂದರಿನ ಐಸ್ ಪ್ಲಾಂಟಿನಲ್ಲಿ ಯಂತ್ರಗಳ ಕೊಳವೆಗಳನ್ನು ಪರೀಕ್ಷಿಸಲು ಇಂತಹದೇ ಇನ್ನೊಂದು ಸಾಧನವಿರುತ್ತದೆ. ಅದು ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಯನ್ನೂ ತೋರಿಸಬಲ್ಲದು. ಅಲ್ಲಿಯ ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿ. ಕಾರಣವನ್ನು ಹೇಳಿದಾಗ ಆತ ನಕ್ಕು, "ಆಕಾಶಕ್ಕೆ ಜ್ವರವೋ ಮಾಸ್ಟ್ರೇ?" ಎನ್ನುತ್ತ ಸಾಧನವನ್ನು ಕೈಗಿತ್ತನು. ಅಂದಿನಿಂದ ನಮ್ಮ ವಿಜ್ಞಾನಸಂಘದ ಮಕ್ಕಳು ದಿನವೂ ಸೂರ್ಯ ಮುಳುಗಿದ ಮೇಲೆ ಅದನ್ನು ನೆತ್ತಿಯ ನೇರಕ್ಕೆ ಹಿಡಿದು, ಕಂಡ ಸಂಖ್ಯೆಯನ್ನೂ ಮೋಡದ ಬಗೆಯನ್ನೂ ಒಂದು ಪುಸ್ತಕದಲ್ಲಿ ಬರೆಯತೊಡಗಿದರು. ಸೂರ್ಯನ ಕಡೆಗೆ ಮಾತ್ರ ಎಂದಿಗೂ ಹಿಡಿಯಬಾರದೆಂದು ನಾನು ಕಟ್ಟುನಿಟ್ಟು ಮಾಡಿದ್ದೆ.

ಡಿಸೆಂಬರಿನ ತಿಳಿಯಾದ ಇರುಳಿನಲ್ಲಿ ನಾವು ಬರಿಯ ಅಂಗಿಯಲ್ಲಿ ನಿಂತಿದ್ದರೂ ಸಾಧನದಲ್ಲಿ ಸಂಖ್ಯೆಯು ಸೊನ್ನೆಯ ಕೆಳಗಿಳಿಯಿತು. ಜೂನಿನ ತಗ್ಗು ಮೋಡ ಮುಚ್ಚಿದ ಸಂಜೆಯಲ್ಲಿ ಅದು ನಮ್ಮ ಸುತ್ತಣ ಗಾಳಿಯ ಉಷ್ಣತೆಗಿಂತ ಕೆಲವೇ ಡಿಗ್ರಿ ಕಡಿಮೆಯಿತ್ತು. ಬಹು ಎತ್ತರದಲ್ಲಿ ಹತ್ತಿಯನ್ನು ಹಿಂಜಿದಂತೆ ತೇಲುವ ಮೋಡಗಳು ಬಂದರೆ ಸಂಖ್ಯೆ ಹೆಚ್ಚಾಗಿ ಕದಲುತ್ತಿರಲಿಲ್ಲ. ಅವು ತಣ್ಣಗಿರುವ ತೆಳುವಾದ ಮೋಡಗಳು. ಮೋಡವು ಎಷ್ಟು ತಗ್ಗಿನಲ್ಲಿದೆಯೋ ಅಷ್ಟು ಬೆಚ್ಚಗೆ ಎಂಬ ಪಾಠವನ್ನು ನಾನು ಹೇಳಿಕೊಡುವ ಮೊದಲೇ ಮಕ್ಕಳು ತಮ್ಮ ಪುಸ್ತಕದಿಂದ ಓದಿಕೊಂಡಿದ್ದರು.

ಒಂದು ದಿನ ಅದೇ ಹುಡುಗಿ ಎದ್ದು ನಿಂತು, "ಸರ್, ನಾವು ಅಳೆಯುವುದು ಶಾಲೆಯ ಮೇಲಿನ ಮೋಡವನ್ನು. ಕಡಲಿನ ಮೇಲೆ ಇದಕ್ಕಿಂತ ಎಷ್ಟೋ ಪಾಲು ಮೋಡ ಉಂಟಲ್ಲ, ಅದನ್ನು ಯಾರು ಅಳೆಯುತ್ತಾರೆ?" ಎಂದು ಕೇಳಿದಳು. ಅವಳ ತಂದೆ ಬೋಟಿನಲ್ಲಿ ಮೀನುಗಾರಿಕೆಗೆ ಹೋಗುವವರು. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯ ಬದಿಯಿಂದ ಹಾದುಹೋದಾಗ ಅವರ ಮನೆಯ ಅಂಗಳದವರೆಗೂ ಕಡಲು ಬಂದಿತ್ತು. ಕಡಲು ಬಿಸಿಯಾಗುತ್ತಿದೆ, ಮೊದಲಿನಂತೆ ಇಲ್ಲ ಎಂಬ ಹಿರಿಯರ ಮಾತನ್ನು ಕೇಳುತ್ತ ಬೆಳೆಯುತ್ತಿದ್ದ ಹುಡುಗಿಗೆ ಆ ಪ್ರಶ್ನೆ ಬರಿಯ ಪಠ್ಯದ ಪ್ರಶ್ನೆಯಾಗಿರಲಿಲ್ಲ.

ಆಗಸ್ಟಿನಲ್ಲಿ ಮೀನುಗಾರಿಕೆ ಮತ್ತೆ ಆರಂಭವಾದ ಮೇಲೆ ಆಕೆ ತಂದೆಯ ಕೈಯಲ್ಲಿ ಸಾಧನವನ್ನು ಕೊಟ್ಟು ಕಳುಹಿಸಿದಳು. ಒಮ್ಮೆ ಮೇಲಕ್ಕೆ, ಒಮ್ಮೆ ನೀರಿಗೆ ಹಿಡಿದು ಸಂಖ್ಯೆಯನ್ನು ಬರೆಯಬೇಕೆಂದು ಅವಳ ಆಜ್ಞೆ! ಎರಡು ದಿನಗಳ ಅನಂತರ ಅವರು ಡೀಸೆಲ್ ಚೀಟಿಯ ಹಿಂಬದಿಯಲ್ಲಿ ಬರೆದ ಲೆಕ್ಕದೊಡನೆ ಶಾಲೆಗೆ ಬಂದರು. "ಮೋಡ ತಗ್ಗಿ ಬಂದಾಗ ಮೇಲಿನದಕ್ಕೂ ಕೆಳಗಿನದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ ಮಾಸ್ಟ್ರೇ. ಮೋಡ ಹರಿದು ನಕ್ಷತ್ರ ಕಂಡಲ್ಲಿಗೆ ಹಿಡಿದರೆ ನಂಬ್ರ ಒಂದೇ ಸಲ ಬಿದ್ದುಹೋಗುತ್ತದೆ" ಎಂದರು. ತಮ್ಮ ಮಗಳ ಪುಸ್ತಕಕ್ಕೆ ತಾವೂ ಎರಡು ಸಾಲನ್ನು ಕೊಟ್ಟೆವೆಂಬ ಸಂತೋಷ ಅವರ ಮುಖದಲ್ಲಿತ್ತು.

ಅವರು ಆಡಿದ ಮಾತಿನಲ್ಲಿ ವಿಜ್ಞಾನದ ಒಂದು ದೊಡ್ಡ ತೊಡಕೇ ಅಡಗಿತ್ತು. ಉಪಗ್ರಹಗಳು ರಾತ್ರಿಯ ಹೊತ್ತು ಮೋಡಗಳನ್ನು ಗುರುತಿಸುವುದು ಮುಖ್ಯವಾಗಿ ಅವಕೆಂಪು ಕಿರಣಗಳಿಂದ. ಎತ್ತರದ ಮೋಡಗಳು ಕಡಲಿಗಿಂತ ಬಹಳ ತಣ್ಣಗಿರುವುದರಿಂದ ಸುಲಭವಾಗಿ ಎದ್ದು ಕಾಣುತ್ತವೆ. ಆದರೆ ಕಡಲಿನ ಮೇಲೆ ತಗ್ಗಿನಲ್ಲಿ ಹಾಸಿದ ಮೋಡದ ನೆತ್ತಿಯೂ ಕಡಲಿನ ಮೈಯೂ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿದ್ದರೆ, ಮೇಲಿನಿಂದ ನೋಡುವ ಕಣ್ಣಿಗೆ ಎರಡನ್ನೂ ಬೇರ್ಪಡಿಸುವುದು ಕಷ್ಟ. ಅಲ್ಲದೆ ಉಪಗ್ರಹಕ್ಕೆ ಕಾಣುವುದು ಮೋಡದ ನೆತ್ತಿಯೇ ಹೊರತು ಅದರ ತಳವಲ್ಲ. ಕಡಲಿಗೆ ಶಾಖವನ್ನು ಸೂಸುವುದೋ ತಳ. ಆದುದರಿಂದ ಕೆಳಗೆ ನಿಂತು ಮೇಲಕ್ಕೆ ನೋಡುವವರೂ ಬೇಕು.

ಇಂತಹ ತಗ್ಗು ಮೋಡಗಳ ತವರು ನಮ್ಮ ಕರಾವಳಿಯಲ್ಲ. ನಮ್ಮ ಮಳೆಗಾಲದ ಮೋಡಗಳ ಜಾತಿ ಬೇರೆ. ಕ್ಯಾಲಿಫೋರ್ನಿಯ, ಪೆರು, ನಮೀಬಿಯ ಮೊದಲಾದ ಪ್ರದೇಶಗಳ ಪಡುವಣ ಕರಾವಳಿಗಳಾಚೆ ಕಡಲಿನ ನೀರು ತಣ್ಣಗಿರುತ್ತದೆ. ಮೇಲಿನಿಂದ ಇಳಿದು ಬರುವ ಗಾಳಿ ಬೆಚ್ಚಗೂ ಒಣದಾಗಿಯೂ ಇರುತ್ತದೆ. ಈ ಬೆಚ್ಚನೆಯ ಗಾಳಿಯು ಮುಚ್ಚಳದಂತೆ ಕುಳಿತು, ಕೆಳಗಿನ ತೇವವನ್ನು ಮೇಲೇರಗೊಡದೆ ತಡೆಯುತ್ತದೆ. ಆಗ ಸಾವಿರಾರು ಕಿಲೋಮೀಟರಿನ ಉದ್ದಕ್ಕೂ ಚಾಪೆಯಂತೆ ಮೋಡ ಹಾಸಿಕೊಳ್ಳುತ್ತದೆ. ಹವಾಶಾಸ್ತ್ರಜ್ಞರು ಇದನ್ನು ಸ್ಟ್ರಾಟೊಕ್ಯುಮುಲಸ್ ಎನ್ನುತ್ತಾರೆ. ಪದರವಾಗಿ ಹಾಸಿದ ರಾಶಿಮೋಡವೆಂದು ನಾವು ಹೇಳಬಹುದು. ಸರಾಸರಿಯಾಗಿ ಭೂಮಿಯ ಮೈಯ ಸುಮಾರು ಐದನೆಯ ಒಂದು ಭಾಗವನ್ನು ಇದು ಮುಚ್ಚಿರುತ್ತದೆ.

ಕ್ಯಾಲಿಫೋರ್ನಿಯದ ಕರಾವಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಸಾನ್ ನಿಕೊಲಾಸ್ ಎಂಬ ಗಾಳಿ ಬೀಸುವ ಬರಡು ದ್ವೀಪವೊಂದಿದೆ. 1987ರ ಜೂನ್ ಕೊನೆಯಿಂದ ಜುಲೈವರೆಗೆ ವಿಜ್ಞಾನಿಗಳು ಅಲ್ಲಿ ಬೀಡುಬಿಟ್ಟರು. ಮೇಲೆ ಉಪಗ್ರಹಗಳೂ ವಿಮಾನಗಳೂ ಮೋಡದ ನೆತ್ತಿಯನ್ನು ನೋಡುತ್ತಿದ್ದರೆ, ಕೆಳಗೆ ದ್ವೀಪದಲ್ಲಿ ಅವಕೆಂಪು ಕಿರಣಗಳನ್ನು ಅಳೆಯುವ ಉಪಕರಣಗಳು, ಬೆಳಕಿನ ಮಿಡಿತವನ್ನು ಕಳುಹಿಸಿ ಮೋಡದ ತಳದ ಎತ್ತರವನ್ನು ಹೇಳುವ ಉಪಕರಣಗಳು, ಹಗ್ಗ ಕಟ್ಟಿದ ಬಲೂನು, ಇವೆಲ್ಲ ಮೋಡದ ತಳವನ್ನೂ ಒಳಗನ್ನೂ ಪರೀಕ್ಷಿಸಿದುವು. ಅನಂತರ 2009ರ ಮೇ ತಿಂಗಳಿನಿಂದ 2010ರ ಡಿಸೆಂಬರಿನವರೆಗೆ ಅಟ್ಲಾಂಟಿಕ್ ಸಾಗರದ ನಡುವಣ ಅಜೋರ್ಸ್ ದ್ವೀಪಗಳಲ್ಲೊಂದಾದ ಗ್ರಾಸಿಯೋಸಾದಲ್ಲಿ ಇಂತಹ ಉಪಕರಣಗಳು ಕೆಲಸ ಮಾಡಿದುವು. 2013ರಲ್ಲಿ ಅಲ್ಲಿಯೇ ಒಂದು ಸ್ಥಿರವಾದ ಕೇಂದ್ರವು ನೆಲೆಗೊಂಡಿತು. 2012ರ ಅಕ್ಟೋಬರಿನಿಂದ 2013ರ ಸೆಪ್ಟೆಂಬರಿನವರೆಗಿನ ಅವಧಿಯಲ್ಲಿ ಹೊರೈಜನ್ ಸ್ಪಿರಿಟ್ ಎಂಬ ಸರಕಿನ ಹಡಗಿನ ಮೇಲೆಯೇ ಉಪಕರಣಗಳನ್ನಿಟ್ಟು, ಲಾಸ್ ಏಂಜಲೀಸಿಗೂ ಹೊನೊಲುಲುವಿಗೂ ನಡುವೆ ಹಲವು ಬಾರಿ ಹೋಗಿಬಂದು, ಚಾಪೆಯಂತಹ ಮೋಡವು ತಣ್ಣನೆಯ ಕಡಲಿನಿಂದ ಬೆಚ್ಚನೆಯ ಕಡಲಿಗೆ ಸಾಗಿದಂತೆ ಹರಿದು ಬಿಡಿಬಿಡಿ ಮೋಡಗಳಾಗುವ ಪರಿಯನ್ನು ಗಮನಿಸಿದರು. ನಮ್ಮ ದೇಶದವರೂ ಕಡಲಿಗೆ ಇಳಿದಿದ್ದಾರೆ. 1999ರ ಜುಲೈ ಆಗಸ್ಟ್ ತಿಂಗಳುಗಳಲ್ಲಿ ನಡೆದ ಬಂಗಾಳಕೊಲ್ಲಿಯ ಮಾನ್ಸೂನ್ ಪ್ರಯೋಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸಾಗರಕನ್ಯಾ ಎಂಬ ಸಂಶೋಧನ ನೌಕೆಯಿಂದ ಕಡಲಿಗೂ ಗಾಳಿಗೂ ನಡೆಯುವ ಶಾಖದ ಕೊಡುಕೊಳೆಯನ್ನು ಅಳೆದರು.

ಅವಕೆಂಪು ಕಿರಣಗಳನ್ನು ಅಳೆಯುವುದರಲ್ಲಿ ಒಂದು ವಿಚಿತ್ರವಾದ ಕಷ್ಟವಿದೆ. ಬೆಳಕನ್ನು ಅಳೆಯುವ ಉಪಕರಣವು ತಾನೇ ಬೆಳಗುವುದಿಲ್ಲ. ಆದರೆ ಶಾಖಕಿರಣವನ್ನು ಅಳೆಯುವ ಉಪಕರಣಕ್ಕೂ ಒಂದು ಉಷ್ಣತೆ ಇದ್ದೇ ಇರುತ್ತದೆ; ಅದೂ ಕಿರಣಗಳನ್ನು ಸೂಸುತ್ತಲೇ ಇರುತ್ತದೆ. ದೀಪವನ್ನು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ದೀಪದ ಬೆಳಕನ್ನು ಅಳೆಯಲು ಹೊರಟಂತೆ ಇದು. ಪೈರ್ಜಿಯೊಮೀಟರ್ ಎಂಬ ಉಪಕರಣದಲ್ಲಿ ಬಿಸಿಲನ್ನು ತಡೆದು ಶಾಖಕಿರಣವನ್ನಷ್ಟೇ ಒಳಬಿಡುವ ಸಿಲಿಕಾನಿನ ಕವಚದ ಕೆಳಗೆ ಕಪ್ಪಾದ ಒಂದು ಫಲಕವಿರುತ್ತದೆ. ಆಕಾಶದಿಂದ ಬಂದುದಕ್ಕೂ ಫಲಕವು ಸೂಸಿದುದಕ್ಕೂ ಇರುವ ವ್ಯತ್ಯಾಸವು ಸಣ್ಣ ವಿದ್ಯುತ್ತಾಗಿ ತೋರುತ್ತದೆ. ಉಪಕರಣದ ಉಷ್ಣತೆಯನ್ನು ಬೇರೆಯಾಗಿ ಅಳೆದು, ಅದು ಸೂಸಿದುದನ್ನು ಲೆಕ್ಕಕ್ಕೆ ಸೇರಿಸಿದರೆ ಮಾತ್ರ ಆಕಾಶದ ನಿಜವಾದ ಶಾಖ ತಿಳಿಯುತ್ತದೆ. ಬಿಸಿಲಿನಿಂದ ಕವಚವೇ ಕಾದರೆ ಲೆಕ್ಕ ಕೆಡುತ್ತದೆ. ಆದಕಾರಣ ಸೂರ್ಯನೊಡನೆ ತಿರುಗುವ ಒಂದು ಬಿಲ್ಲೆಯ ನೆರಳನ್ನು ಅದಕ್ಕೆ ಕೊಡುತ್ತಾರೆ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇನ್ನೊಂದು ಉಪಕರಣವು ಸುಮಾರು 3ರಿಂದ 19 ಮೈಕ್ರೋಮೀಟರ್‌ವರೆಗಿನ ಅವಕೆಂಪು ಕಿರಣಗಳನ್ನು ಬಿಡಿಬಿಡಿಯಾಗಿ ವಿಂಗಡಿಸಿ ಅಳೆಯುತ್ತದೆ. ಅದರೊಳಗೆ ತಿರುಗುವ ಕನ್ನಡಿಯೊಂದು ಇದೆ. ಕನ್ನಡಿಯು ಒಮ್ಮೆ ಆಕಾಶವನ್ನು ನೋಡುತ್ತದೆ. ಮತ್ತೆ ತಿರುಗಿ ಎರಡು ಕೃಷ್ಣಕಾಯಗಳನ್ನು ನೋಡುತ್ತದೆ. ಒಂದು ಸುತ್ತಣ ಗಾಳಿಯ ಉಷ್ಣತೆಯಲ್ಲಿರುವುದು. ಇನ್ನೊಂದು 60 ಡಿಗ್ರಿ ಸೆಲ್ಸಿಯಸಿನಲ್ಲಿ ಕಾಯಿಸಿಟ್ಟುದು. ಗೊತ್ತಿರುವ ಎರಡನ್ನು ನೋಡಿ, ಗೊತ್ತಿಲ್ಲದ ಮೂರನೆಯದನ್ನು ತೂಗುವ ಈ ಕ್ರಮವನ್ನು ಅದು ಹಗಲಿರುಳೂ ಬೇಸರವಿಲ್ಲದೆ ನಡೆಸುತ್ತದೆ. ಮಳೆ ಬಂದರೆ ಅದರ ಮುಚ್ಚಳವನ್ನು ಮುಚ್ಚಬೇಕು. ಕಡಲಿನ ಉಪ್ಪುಹನಿ ಕನ್ನಡಿಗೆ ಅಂಟದಂತೆ ಕಾಯಬೇಕು. ಇಂತಹ ಶಿಸ್ತನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಅಣ್ಣಾ ಮಣಿಯವರು ಅಗ್ರಗಣ್ಯರು. 1940ರಲ್ಲಿ ಬೆಂಗಳೂರಿಗೆ ಬಂದು ಸಿ. ವಿ. ರಾಮನ್ನರ ಪ್ರಯೋಗಶಾಲೆಯನ್ನು ಸೇರಿದ ಅವರು, ಅನಂತರ ಭಾರತದ ಹವಾಮಾನ ಇಲಾಖೆಯಲ್ಲಿ ಉಪಕರಣಗಳನ್ನು ನಮ್ಮಲ್ಲಿಯೇ ತಯಾರಿಸಿ ಒರೆಗೆ ಹಚ್ಚುವ ಕೆಲಸಕ್ಕೆ ತಮ್ಮ ಬಾಳನ್ನು ಮುಡಿಪಾಗಿಟ್ಟರು.

ಇಷ್ಟೆಲ್ಲ ಶ್ರಮದಿಂದ ತಿಳಿದುಬಂದುದಾದರೂ ಏನು? ಮೊದಲನೆಯದಾಗಿ, ಮೋಡದಲ್ಲಿರುವ ನೀರು ಎಷ್ಟು ಕಡಿಮೆ ಎಂಬುದು! ಒಂದು ಚದರ ಮೀಟರ್ ನೆಲದ ಮೇಲಿರುವ ಇಂತಹ ಮೋಡವನ್ನೆಲ್ಲ ಹಿಂಡಿದರೆ ಅನೇಕ ವೇಳೆ ಒಂದು ಲೋಟ ನೀರೂ ದೊರೆಯದು. ಆದರೂ ಸುಮಾರು 50 ಗ್ರಾಂ ನೀರಿದ್ದರೆ ಸಾಕು, ಅದು ಅವಕೆಂಪು ಕಿರಣಗಳಿಗೆ ಪೂರ್ಣವಾದ ಕರಿಯ ಗೋಡೆಯಾಗುತ್ತದೆ. ಮೋಡದ ತಳವು 10 ಡಿಗ್ರಿ ಸೆಲ್ಸಿಯಸಿನಲ್ಲಿದ್ದರೆ ಸ್ಟೆಫಾನನ ಲೆಕ್ಕದಂತೆ ಪ್ರತಿ ಚದರ ಮೀಟರಿನಿಂದ ಸುಮಾರು 364 ವಾಟ್ ಶಕ್ತಿಯು ಹೊರಬೀಳುತ್ತದೆ. ನೀರು ಅದಕ್ಕಿಂತ ಕಡಿಮೆಯಾದಂತೆಲ್ಲ ಮೋಡದ ಕಪ್ಪು ತಿಳಿಯಾಗುತ್ತದೆ. ಅದು ಸೂಸುವ ಶಾಖವೂ ಕುಗ್ಗುತ್ತದೆ.

ಎರಡನೆಯದು ಇನ್ನೂ ಸೋಜಿಗದ ಸಂಗತಿ. ಮೋಡದ ನೆತ್ತಿಯೂ ಮೇಲಕ್ಕೆ ಶಾಖವನ್ನು ಸೂಸುತ್ತದೆ. ಅದರ ಮೇಲಿನ ಗಾಳಿ ಒಣದಾಗಿರುವುದರಿಂದ ಮರಳಿ ಬರುವುದು ಸ್ವಲ್ಪ. ಹೀಗೆ ತಣಿದ ನೆತ್ತಿಯ ಗಾಳಿ ಭಾರವಾಗಿ ಕೆಳಗಿಳಿಯುತ್ತದೆ. ಕೆಳಗಿನ ತೇವದ ಗಾಳಿ ಮೇಲೇರುತ್ತದೆ. ಈ ಕಲಕುವಿಕೆಯಿಂದಲೇ ಮೋಡಕ್ಕೆ ಕಡಲಿನಿಂದ ಹೊಸ ನೀರಾವಿ ದೊರೆಯುತ್ತ, ಅದು ದಿನಗಟ್ಟಲೆ ಬಾಳುತ್ತದೆ. ಮೋಡವು ತಾನು ಕಳೆದುಕೊಳ್ಳುವ ಶಾಖದಿಂದಲೇ ತನ್ನನ್ನು ಉಳಿಸಿಕೊಳ್ಳುತ್ತದೆ!

"ಹಾಗಾದರೆ ಮೋಡ ನಮ್ಮನ್ನು ಬೆಚ್ಚಗಿಡುವುದೋ ತಂಪಾಗಿಡುವುದೋ?" ಎಂದು ನಮ್ಮ ಮಕ್ಕಳು ವಾದಕ್ಕಿಳಿದರು. ಕೆಳಗೆ ಮಲಗಿದವನಿಗೆ ಅದು ಕಂಬಳಿ ಎಂಬುದು ನಿಜ. ಆದರೆ ಭೂಮಿಯ ಒಟ್ಟು ಲೆಕ್ಕವೇ ಬೇರೆ. ಕಡಲ ತಗ್ಗು ಮೋಡದ ನೆತ್ತಿಯು ಕಡಲಿನಷ್ಟೇ ಬೆಚ್ಚಗಿರುವುದರಿಂದ ಆಕಾಶಕ್ಕೆ ಹೋಗುವ ಶಾಖವನ್ನು ಅದು ಬಹಳವಾಗಿ ತಗ್ಗಿಸುವುದಿಲ್ಲ. ಹಗಲಿನಲ್ಲಿಯಾದರೋ ಬೆಳ್ಳಗಿರುವ ಅದು ಬಿಸಿಲಿನ ದೊಡ್ಡ ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಒಟ್ಟಿನಲ್ಲಿ ಅದು ಭೂಮಿಗೆ ಕೊಡೆ.

ಆ ಕೊಡೆಗೆ ಈಗ ಆತಂಕ ಬಂದಿದೆ. ಮೇಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡೂ ನೀರಾವಿಯೂ ಹೆಚ್ಚಿದಂತೆ ಅವು ಮೋಡದ ನೆತ್ತಿಯ ಮೇಲೆ ಶಾಖವನ್ನು ಸುರಿಯುತ್ತವೆ. ನೆತ್ತಿ ತಣಿಯುವುದು ಕಡಿಮೆಯಾಗುತ್ತದೆ. ಮೋಡದ ಬಾಳು ಕುಂದುತ್ತದೆ. ಕಡಲು ಬಿಸಿಯಾದಂತೆ ತಗ್ಗು ಮೋಡಗಳು ಕಡಿಮೆಯಾಗಿ, ಬಿಸಿಯನ್ನು ಇನ್ನಷ್ಟು ಹೆಚ್ಚಿಸುವುವೆಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಳಿಯ 2021ರ ವರದಿಯು ತೀರ್ಮಾನಿಸಿದೆ. ಎಷ್ಟು ಹೆಚ್ಚು, ಎಷ್ಟು ಬೇಗ ಎಂಬುದನ್ನು ಊಹೆಯಿಂದ ಹೇಳಲಾಗದು. ಕೆಲವೇ ವಾಟ್‌ಗಳ ವ್ಯತ್ಯಾಸವನ್ನು ವರ್ಷಾನುವರ್ಷ ತಾಳ್ಮೆಯಿಂದ ಅಳೆದವರು ಮಾತ್ರ ಹೇಳಬಲ್ಲರು. ಯಾವುದೋ ದೂರದ ದ್ವೀಪದಲ್ಲಿ ತಿರುಗುವ ಕನ್ನಡಿಗೂ ನಮ್ಮ ಬಂದರಿನ ಬೋಟುಗಳಿಗೂ ಸಂಬಂಧವಿದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿಯೇ. ಕಡಲು ಒಂದೇ, ಆಕಾಶವೂ ಒಂದೇ.

ಆ ಹುಡುಗಿ ಈಗ ಹತ್ತನೆಯ ತರಗತಿಯನ್ನು ಮುಗಿಸಿ ಪಟ್ಟಣದ ಕಾಲೇಜಿಗೆ ಹೋಗುತ್ತಾಳೆ. ನಮ್ಮ ಪುಸ್ತಕದ ಕೊನೆಯ ಹಾಳೆಯಲ್ಲಿ, ಮುಂದಿನವರಿಗೆಂದು ಆಕೆ ದುಂಡಾದ ಅಕ್ಷರಗಳಲ್ಲಿ ಮೂರು ಸೂಚನೆಗಳನ್ನು ಬರೆದಿಟ್ಟಿದ್ದಾಳೆ: ಸಾಧನದ ಗಾಜನ್ನು ಒರೆಸಿ ಅಳೆಯಿರಿ, ಕಂಡುದನ್ನೇ ಬರೆಯಿರಿ, ಒಂದು ದಿನವನ್ನೂ ಬಿಡಬೇಡಿ.